ಹೂಂಗುಟ್ಟುವವರಿದ್ದರೆ ಕಥೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಚಹಾ ಕುಡಿಯುತ್ತಾ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಣ್ಣಪುಟ್ಟ ಕಥೆಗಳು. "ಇವತ್ತು ಏನಾಯ್ತು ಗೊತ್ತಾ" ಅಂತ ಶುರುವಾಗುತ್ತವಲ್ಲ, ಅವು. ಚಿತ್ರದುರ್ಗ ಮತ್ತು ದಾವಣಗೆರೆಯ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡಿದ ನನಗೆ ಈ ವಿಷಯ ಅಂದರೆ ಪ್ರಾಣ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಅಕ್ಕಾ, ನಾನು ಏನು ಹೇಳೋಕೆ ಹೋದರೂ ಮನೆಯಲ್ಲಿ "ಬೇಗ ಹೇಳು" ಅಂತಾರೆ. ಮೊನ್ನೆ ದಾವಣಗೆರೆಗೆ ಹೋಗಿ ತಂಗಿ ಮದುವೆಗೆ ಸೀರೆ ತಂದೆ. ಹರಿಹರದಲ್ಲಿ ಇಳಿಯುವಾಗ ಸೀರೆ ಕವರ್ ಬಸ್ಸಲ್ಲೇ ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಮುಂದಿನ ಸ್ಟಾಪಲ್ಲಿ ಇಳಿದು, ಈ ಕಡೆ ಬರುವ ಬಸ್ ಹತ್ತಿ, ವಾಪಸ್ ಬಂದು ಕವರ್ ಕೊಟ್ಟಳು. ರಾತ್ರಿ ಇದನ್ನು ಹೇಳೋಣ ಅಂತ, ಬೆಳಿಗ್ಗೆ ಕರೆಂಟ್ ಇಲ್ಲದ್ದು, ನೀರು ಕಾಯದ್ದು, ಮೊದಲ ಬಸ್ ತಪ್ಪಿದ್ದು ಎಲ್ಲ ಹೇಳ್ತಾ ಬಂದೆ. ನಮ್ಮ ಮನೆಯವರು ಮೊಬೈಲ್ ನೋಡುತ್ತಲೇ "ಸೀರೆ ಸಿಕ್ತಲ್ಲ, ಬಿಡು" ಅಂದರು. ನನ್ನ ವಾರಗಿತ್ತಿ ಹಾಲು ಉಕ್ಕಿದ್ದನ್ನು ಹೇಳಿದರೂ ಎಲ್ಲರೂ ಕೂತು ಕೇಳ್ತಾರೆ. ನನಗೆ ಹೇಳೋಕೆ ಬರೋದಿಲ್ವಾ?
(ಗೃಹಿಣಿ, ಹರಿಹರ)

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಆ ಹುಡುಗಿ ವಾಪಸ್ ಬಸ್ ಹತ್ತಿದಳು ಅಂತ ಓದಿದಾಗ ನನಗೆ ಕಣ್ಣು ತುಂಬಿತು. ನಿಮಗೆ ಹೇಳೋಕೆ ಬರುತ್ತದೆ. ಬರುವುದಿಲ್ಲ ಅನ್ನುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಆದರೆ ಒಂದು ವಿಷಯ ನೋಡಿ. ಇದು ಸೀರೆಯ ಕಥೆ ಅಲ್ಲ. ಆ ಹುಡುಗಿಯ ಕಥೆ. ನೀವು ಕರೆಂಟಿನಿಂದ ಶುರು ಮಾಡಿದಿರಿ. ಕೇಳುವವರಿಗೆ ಇದು ಯಾವ ಕಡೆ ಹೋಗುತ್ತಿದೆ ಅಂತ ತಿಳಿಯಲಿಲ್ಲ. ಕಡೆಗೆ ಅವರ ಕೈಗೆ ಸಿಕ್ಕಿದ್ದು ಸೀರೆ ಮಾತ್ರ. ಅದು ಸಿಕ್ಕ ಮೇಲೆ ಕಥೆ ಮುಗಿಯಿತು ಅಂದುಕೊಂಡರು.

ವಿಲಿಯಂ ಲಬೋವ್ ಅಂತ ಅಮೆರಿಕದಲ್ಲಿ ಒಬ್ಬ ಭಾಷಾಶಾಸ್ತ್ರಜ್ಞ ಇದ್ದರು. ನ್ಯೂಯಾರ್ಕಿನ ಬೀದಿಯ ಜನರ ಮಾತನ್ನು ಟೇಪ್ ಮಾಡಿಕೊಳ್ಳುತ್ತಿದ್ದರು. ಯಂತ್ರ ಕಂಡರೆ ಜನ ಬಿಗಿಯಾಗಿ ಮಾತಾಡುತ್ತಾರೆ. ಅದಕ್ಕೆ ಅವರು "ಇನ್ನು ನನ್ನ ಕಥೆ ಮುಗೀತು, ಸತ್ತೇ ಹೋದೆ ಅನ್ನಿಸಿದ ಹೊತ್ತು ನಿಮಗೆ ಬಂದಿತ್ತಾ?" ಅಂತ ಕೇಳುತ್ತಿದ್ದರು. ಆಗ ಜನ ಯಂತ್ರವನ್ನು ಮರೆತು ಹೇಳುತ್ತಿದ್ದರು. ಹೀಗೆ ಬಾಯಲ್ಲಿ ಹೇಳಿದ ಕಥೆಗಳ ಒಳಗೆ ಏನೇನಿರುತ್ತದೆ ಅಂತ ಲಬೋವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಬರೆದರು. ಯಾರು, ಎಲ್ಲಿ, ಏನಾಯ್ತು, ಕೊನೆಗೆ ಏನಾಯ್ತು ಎಂಬುದು ಇದ್ದೇ ಇರುತ್ತದೆ. ಅದರ ಜೊತೆಗೆ "ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ" ಎಂಬುದೂ ಇರಬೇಕು. ಅದು ಕಾಣದಿದ್ದರೆ ಕೇಳುವವರು "ಸರಿ, ಅದಕ್ಕೇನೀಗ?" ಅಂದುಬಿಡುತ್ತಾರೆ. ನಿಮ್ಮ ಯಜಮಾನರು ಅಂದದ್ದು ಅದನ್ನೇ.

ದುರ್ಗದ ಕೋಟೆಗೆ ಹೋದಾಗ ಓಬವ್ವನ ಕಿಂಡಿಯ ಹತ್ತಿರ ಗೈಡ್‌ಗಳು ಹೇಳುವುದನ್ನು ಕೇಳಿ. ಹೈದರಾಲಿಯ ವಂಶಾವಳಿಯಿಂದ ಯಾರೂ ಶುರು ಮಾಡುವುದಿಲ್ಲ. ಕಾವಲುಗಾರ ಗಂಡ ಊಟಕ್ಕೆ ಮನೆಗೆ ಬಂದಿದ್ದ. ಕುಡಿಯೋಕೆ ನೀರಿರಲಿಲ್ಲ. ಓಬವ್ವ ಕೊಡ ಹಿಡಿದು ಹೊರಟಳು. ಅಷ್ಟೇ, ನಾವು ಅವಳ ಹಿಂದೆ ನಡೆಯುತ್ತಿರುತ್ತೇವೆ. ನೀರಿರಲಿಲ್ಲ ಎಂಬ ಸಣ್ಣ ವಿವರ ಅಲ್ಲಿ ಯಾಕಿದೆ? ಅದಿಲ್ಲದಿದ್ದರೆ ಅವಳು ಕಿಂಡಿಯ ಹತ್ತಿರ ಹೋಗುತ್ತಲೇ ಇರಲಿಲ್ಲ. ನಿಮ್ಮ ಮನೆಯ ಕರೆಂಟಿಗೆ ಆ ಕೆಲಸ ಇಲ್ಲ. ಮೊದಲ ಬಸ್ ತಪ್ಪಿದ್ದಕ್ಕೆ ಬೇಕಾದರೆ ಇದೆ. ತಪ್ಪಿದ್ದರಿಂದಲೇ ಆ ಹುಡುಗಿ ಇದ್ದ ಬಸ್ಸು ಸಿಕ್ಕಿತು, ಅಲ್ವಾ?

ಇನ್ನೊಮ್ಮೆ ಹೇಳುವಾಗ ಹೀಗೆ ಶುರು ಮಾಡಿ: "ಇವತ್ತು ಒಂದು ಹುಡುಗಿ ನನಗೋಸ್ಕರ ಬಸ್ಸಿಳಿದು ವಾಪಸ್ ಬಂದಳು." ಕೇಳುವವರು "ಯಾವ ಹುಡುಗಿ?" ಅಂತಾರೆ. ಆಮೇಲೆ ಸೀರೆ, ಬಸ್ಸು, ನೀವು ಸ್ಟ್ಯಾಂಡಲ್ಲಿ ಕೈಕಾಲು ಆಡದೆ ನಿಂತಿದ್ದು. ಅವಳು ಎದುರಿಂದ ಬಂದಾಗ ಏನು ಅಂದಳು? ಪತ್ರದಲ್ಲಿ ಅದನ್ನು ಬರೆದಿಲ್ಲ ನೀವು. ಆ ಮಾತನ್ನು ಮರೆಯದೆ ಹೇಳಿ. "ತುಂಬಾ ಒಳ್ಳೆ ಹುಡುಗಿ" ಅಂತ ನೀವು ಬಾಯಿಬಿಟ್ಟು ಹೇಳುವುದು ಬೇಡ. ಅವಳ ಮಾತು ಕೇಳಿದವರಿಗೆ ತಾನಾಗೇ ತಿಳಿಯುತ್ತದೆ. ಚೆನ್ನಾಗಿ ಹೇಳುವವರು ತಮ್ಮ ಭಾವನೆಯನ್ನು ಹೀಗೆ ಘಟನೆಯ ಒಳಗೇ ಇಡುತ್ತಾರೆ ಅನ್ನುವುದನ್ನು ಲಬೋವ್ ಕೂಡ ಗಮನಿಸಿದ್ದರು.

ಇಷ್ಟು ನಿಮ್ಮ ಪಾಲಿನದು. ಈಗ ಮೊಬೈಲ್ ಹಿಡಿದವರ ಪಾಲಿನದು. ಈ ಮಾತನ್ನು ಅವರಿಗೂ ಓದಿ ಹೇಳಿ.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬವೆಲಾಸ್ ಮತ್ತು ಅವರ ಸಂಗಡಿಗರು ಮಾಡಿದ ಒಂದು ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಒಬ್ಬರು ತಾವು ಅಪಾಯದಿಂದ ಸ್ವಲ್ಪದರಲ್ಲಿ ಪಾರಾದ ಘಟನೆ ಹೇಳಬೇಕು. ಎದುರು ಕೂತವರು ಕೇಳಬೇಕು. ಕೇಳುವ ಕೆಲವರಿಗೆ ಗುಟ್ಟಾಗಿ ಬೇರೆ ಕೆಲಸ ಕೊಟ್ಟರು. ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಒಂದು ಗುಂಡಿ ಒತ್ತಬೇಕು. ಅವರ ಕಿವಿ ತೆರೆದಿತ್ತು, ಕಣ್ಣು ಎದುರಿಗೇ ಇತ್ತು. ಗಮನ ಮಾತ್ರ ಕಥೆಯ ಮೇಲೆ ಇರಲಿಲ್ಲ. ಆಗ ಹೇಳುವವರ ಕಥೆಯೇ ಹಾಳಾಯಿತು. ಅದರಲ್ಲೂ ಮುಖ್ಯವಾದ ಕೊನೆಯ ಭಾಗ. ಕೆಲವರು ತಟ್ಟನೆ ನಿಲ್ಲಿಸಿದರು. ಕೆಲವರು ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳಿದರು. ಕೆಲವರು "ಅದು ನಿಜವಾಗ್ಲೂ ಅಪಾಯ ಇತ್ತು" ಅಂತ ವಿವರಣೆ ಕೊಡತೊಡಗಿದರು. ಹೇಳುವವರಿಗೆ ಏನೂ ಕಮ್ಮಿ ಇರಲಿಲ್ಲ. ಎದುರು ಕೂತವರು ಸರಿಯಾದ ಜಾಗದಲ್ಲಿ ಬೆಚ್ಚಲಿಲ್ಲ, "ಅಯ್ಯೋ" ಅನ್ನಲಿಲ್ಲ.

ನಮ್ಮ ಅಜ್ಜಿಯರಿಗೆ ಇದು ಪ್ರಯೋಗ ಇಲ್ಲದೆಯೇ ಗೊತ್ತಿತ್ತು. "ಒಂದೂರಲ್ಲಿ ಒಬ್ಬ ರಾಜ" ಅನ್ನುವ ಮೊದಲೇ ಒಬ್ಬರು ಹೂಂಗುಟ್ಟಬೇಕು ಅಂತ ಕರಾರು. ಹೂಂ ನಿಂತರೆ ಕಥೆಯೂ ನಿಂತಿತು. ಮಕ್ಕಳು ನಿದ್ದೆ ಹೋದರೋ ಇಲ್ಲವೋ ನೋಡೋಕೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಹೂಂ ಇಲ್ಲದೆ ಅಜ್ಜಿಗೆ ಮುಂದಿನ ಮಾತು ಹುಟ್ಟುತ್ತಿರಲಿಲ್ಲ.

ನಿಮ್ಮ ವಾರಗಿತ್ತಿಗೆ ಸಿಗುತ್ತಿರುವುದೂ ಅದೇ. ಅವರು ಶುರು ಮಾಡಿದರೆ ಮನೆಯವರು ಕೂರುತ್ತಾರೆ. ಕೂತರು ಅಂತ ಅವರು ಚೆನ್ನಾಗಿ ಹೇಳುತ್ತಾರೆ. ಹುಡುಗಿಯ ಕಥೆಯನ್ನು ಮೊದಲು ಆ ವಾರಗಿತ್ತಿಗೇ ಹೇಳಿ. ಚೆನ್ನಾಗಿ ಹೇಳುವವರು ಸಾಮಾನ್ಯವಾಗಿ ಚೆನ್ನಾಗಿ ಕೇಳುತ್ತಾರೆ ಕೂಡ.

ಪ್ರಶ್ನೆ: ಮೇಡಂ, ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗೆ ಹೋಯ್ತು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿಂತಾ ಗೆಳೆಯನ ಹತ್ರ ಹೇಳಿಕೊಂಡೆ. ಮುಗಿಸೋದರೊಳಗೆ "ನಂದೂ ಹಂಗೇ ಆಗಿತ್ತಲೇ" ಅಂತ ಅವನ ಕಥೆ ಶುರು ಮಾಡಿದ. ಅರ್ಧ ಗಂಟೆ ಅದೇ. ನನ್ನ ಸಂಕಟ ಅವನಿಗೆ ಬೇಕಿಲ್ವಾ?
(ಪದವೀಧರ, ದಾವಣಗೆರೆ)

ಉತ್ತರ: ತಮ್ಮಾ, ಎರಡು ಮಾರ್ಕ್ಸಿಗೆ ಹೋದದ್ದು ನಿಜಕ್ಕೂ ಸಂಕಟ. ಮೊದಲು ಅದನ್ನು ಹೇಳುತ್ತೇನೆ.

ಹಾರ್ವೀ ಸ್ಯಾಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಜನ ಹೇಗೆ ಮಾತಾಡುತ್ತಾರೆ ಅಂತ ಸೂಕ್ಷ್ಮವಾಗಿ ನೋಡಿದವರು. ಆತ್ಮಹತ್ಯೆ ತಡೆಯುವ ಕೇಂದ್ರಕ್ಕೆ ಬರುತ್ತಿದ್ದ ಫೋನ್ ಕರೆಗಳನ್ನು ಕೇಳುತ್ತಾ ಅವರು ಈ ಕೆಲಸಕ್ಕೆ ಇಳಿದರು. 1975ರಲ್ಲಿ, ನಲವತ್ತನೇ ವಯಸ್ಸಿನಲ್ಲೇ, ತೀರಿಕೊಂಡರು. ಒಬ್ಬರು ಕಥೆ ಹೇಳಿದ ಮೇಲೆ ಕೇಳಿದವರು ಅಂಥದ್ದೇ ಇನ್ನೊಂದನ್ನು ಹೇಳುವುದು ತೀರಾ ಸಾಮಾನ್ಯ ಅಂತ ಅವರು ತೋರಿಸಿದರು. ಅದು ಕಥೆ ಅರ್ಥವಾಯಿತು ಅನ್ನುವುದಕ್ಕೆ ಸಾಕ್ಷಿ. "ಅರ್ಥ ಆಯ್ತು" ಅಂತ ಯಾರು ಬೇಕಾದರೂ ಅನ್ನಬಹುದು. ಆದರೆ ನಿಮ್ಮ ಕಥೆಗೆ ಹೊಂದುವ ತನ್ನ ಕಥೆಯನ್ನು ಹುಡುಕಿ ತೆಗೆಯಬೇಕಾದರೆ ನಿಮ್ಮದನ್ನು ನಿಜವಾಗಿ ಕೇಳಿರಬೇಕು. ಆದ್ದರಿಂದ ನಿಮ್ಮ ಗೆಳೆಯ "ನೀನೊಬ್ಬನೇ ಅಲ್ಲ" ಅಂತ ಹೇಳಲು ಹೊರಟಿದ್ದ ಅಂತಲೇ ನನಗೆ ತೋರುತ್ತದೆ.

ಹೊರಟವನು ದಾರಿ ತಪ್ಪಿದ, ಅದೂ ನಿಜ. ನಿಮ್ಮದು ಮುಗಿಯುವ ಮೊದಲೇ ಶುರು ಮಾಡಿದ. ಕೊನೆಗೆ ನಿಮ್ಮ ಹತ್ತಿರ ಮರಳಿ ಬರಲಿಲ್ಲ. ತನ್ನ ಕಥೆ ಮುಗಿಸಿ "ಆಮೇಲೆ ನೀನೇನು ಮಾಡ್ತೀಯಲೇ?" ಅಂದಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಮುಂದಿನ ಸಲ ನೀವೇ ಅವನನ್ನು ಎಳೆದು ತನ್ನಿ. "ಇರಲೇ, ನಂದಿನ್ನೂ ಮುಗಿದಿಲ್ಲ" ಅನ್ನಲು ಗೆಳೆತನದಲ್ಲಿ ಸಲುಗೆ ಇದೆ. ಹಾಗೆ ಅಂದ ಮೇಲೂ ಅವನು ಕೇಳದಿದ್ದರೆ ಸಂಕಟ ಹೇಳಿಕೊಳ್ಳಲು ಬೇರೆಯವರನ್ನು ನೋಡಿಕೊಳ್ಳಿ. ಮಂಡಕ್ಕಿಗೆ ಅವನೇ ಇರಲಿ.

ಪ್ರಶ್ನೆ: ನನ್ನ ಹೆಂಡತಿ ಏನು ಹೇಳಿದರೂ ನಾಟಕದ ಹಾಗೆ. "ಅವನು ಹಿಂಗಂದ, ನಾನು ಹಂಗಂದೆ." ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಿದ್ದನ್ನು ನೆಂಟರ ಮುಂದೆ ಹಾಗೇ ಹೇಳಿದಳು. ನಾನು ಅಲ್ಲೇ ಇದ್ದೆ. ವ್ಯಾಪಾರಿ ಅಷ್ಟೊಂದು ಮಾತೇ ಆಡಿರಲಿಲ್ಲ. ಹಾಗಂತ ತಿದ್ದಿದೆ. ಈಗ ಮನೆಯಲ್ಲಿ ಮಾತಿಲ್ಲ. ಸುಳ್ಳನ್ನು ಸುಳ್ಳು ಅನ್ನಬಾರದೆ?
(ಬ್ಯಾಂಕ್ ನೌಕರ, ಚಿತ್ರದುರ್ಗ)

ಉತ್ತರ: ಅನ್ನಬೇಕು, ಸುಳ್ಳಾಗಿದ್ದರೆ. ಇದು ಸುಳ್ಳಲ್ಲ.

ಹಿಂದೆ ಯಾರೋ ಆಡಿದ ಮಾತನ್ನು ಅಕ್ಷರ ಬಿಡದಂತೆ ನೆನಪಿಡುವವರು ಯಾರೂ ಇಲ್ಲ. ನೆನಪಲ್ಲಿ ಉಳಿಯುವುದು ಮಾತಿನ ಸಾರ. ಹೇಳುವಾಗ ನಾವು ಅದಕ್ಕೆ ಹೊಸದಾಗಿ ಮಾತು ಕೊಡುತ್ತೇವೆ. ದಿನನಿತ್ಯದ ಮಾತುಕತೆಯನ್ನು ಅಧ್ಯಯನ ಮಾಡಿದ ಅಮೆರಿಕದ ಡೆಬೊರಾ ಟ್ಯಾನೆನ್ ಇದನ್ನು ವಿವರವಾಗಿ ತೋರಿಸಿದ್ದಾರೆ. ಕಥೆಯಲ್ಲಿ ಬರುವ "ಅವನು ಹಿಂಗಂದ" ಎಂಬುದು ಹೆಚ್ಚಿನ ಸಲ ಹೇಳುವವರು ಕಟ್ಟಿದ ಮಾತೇ. ಕೇಳುವವರಿಗೂ ಅದು ಗೊತ್ತಿರುತ್ತದೆ. ನಿಮ್ಮ ನೆಂಟರೂ ಅದನ್ನು ಸಾಕ್ಷಿ ಹೇಳಿಕೆ ಅಂತ ಕೇಳಲಿಲ್ಲ. ವ್ಯಾಪಾರಿ ಬೆಲೆ ಇಳಿಸಲು ಒಪ್ಪಲಿಲ್ಲ, ನಿಮ್ಮ ಮನೆಯವರು ಬಿಡಲಿಲ್ಲ, ಕೊನೆಗೆ ಇಬ್ಬರೂ ನಕ್ಕು ವ್ಯಾಪಾರ ಮುಗಿಸಿದರು. ನಡೆದದ್ದು ಇಷ್ಟು ತಾನೇ? ಅದು ಸರಿಯಾಗಿ ಬಂದಿದ್ದರೆ ಸಾಕು.

ಒಂದು ಗೆರೆ ಮಾತ್ರ ಇದೆ. ಅದರಲ್ಲಿ ನಾನು ಕಟ್ಟುನಿಟ್ಟು. ಎದುರಿಗಿಲ್ಲದ ಒಬ್ಬರ ಬಾಯಿಗೆ ಅವರು ಎಂದೂ ಅಂದುಕೊಳ್ಳದ ಕೆಟ್ಟ ಮಾತು ಹಾಕಬಾರದು. ಅತ್ತೆ ಸೊಸೆ, ಅಣ್ಣ ತಮ್ಮಂದಿರ ನಡುವೆ ಎಷ್ಟು ಮನೆ ಒಡೆದಿದೆಯೋ ಅದರಲ್ಲಿ ಬಹಳಷ್ಟು ಒಡೆದಿದ್ದು "ಅವಳು ನಿನ್ನ ಬಗ್ಗೆ ಹಿಂಗಂದ್ಲು" ಎಂಬ ಇಂಥ ಮಾತಿನಿಂದ. ದೂರು ಕೊಡುವಾಗ, ಪಂಚಾಯ್ತಿ ಕೂತಾಗ ಕೂಡ ಕೇಳಿದ್ದಷ್ಟನ್ನೇ ಹೇಳಬೇಕು. ಬದನೆಕಾಯಿ ಆ ಗೆರೆಯ ಈಚೆ ಇದೆ. ನಾಲ್ಕು ಜನರ ಮುಂದೆ ಅವರ ಕಥೆಯನ್ನು ಅರ್ಧಕ್ಕೆ ಮುರಿದಿದ್ದೀರಿ. ಹೋಗಿ ಕ್ಷಮೆ ಕೇಳಿ. ಮುಂದಿನ ಸಲ ನೆಂಟರು ಬಂದಾಗ "ಆ ಬದನೆಕಾಯಿದು ಹೇಳು" ಅಂತ ನೀವೇ ಎತ್ತಿಕೊಡಿ.

ಪ್ರಶ್ನೆ: ನಮ್ಮ ತಂದೆಗೆ ಎಂಬತ್ತು ದಾಟಿದೆ. ಶೇಂಗಾ ಮಂಡಿಯಲ್ಲಿ ಹಮಾಲಿ ಮಾಡಿದ ಕಾಲದ ಅದೇ ನಾಲ್ಕೈದು ಕಥೆ ದಿನಾ ಹೇಳ್ತಾರೆ. ಮಕ್ಕಳು "ತಾತ, ಗೊತ್ತು" ಅಂದರೆ ಮುಖ ಸಣ್ಣದಾಗುತ್ತೆ. ಕೇಳಿ ಕೇಳಿ ನಮಗೂ ಸಾಕಾಗಿದೆ. ಏನು ಮಾಡಲಿ ಅಕ್ಕಾ?
(ಸರ್ಕಾರಿ ನೌಕರ, ಚಳ್ಳಕೆರೆ)

ಉತ್ತರ: ಮೊದಲು ಒಂದು ವಿಷಯ ಗಮನಿಸಿ. ಇವು ಅವರು ಮೊದಲಿಂದಲೂ ಹೇಳುತ್ತಿದ್ದ ಕಥೆಗಳೇ? ಹಾಗಿದ್ದರೆ ಚಿಂತೆ ಬೇಡ. ಈಗ ಹೇಳಿದ್ದನ್ನು ಹತ್ತು ನಿಮಿಷಕ್ಕೇ ಮರೆತು ಮತ್ತೆ ಹೇಳುತ್ತಿದ್ದರೆ, ಊಟ ಮಾಡಿದ್ದು, ಗೊತ್ತಿದ್ದ ದಾರಿ, ಹಣದ ಲೆಕ್ಕ ಕೂಡ ತಪ್ಪುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ.

ಹಾಗೇನೂ ಇಲ್ಲ ಅಂದರೆ ನನ್ನ ಅಜ್ಜನ ವಿಷಯ ಹೇಳುತ್ತೇನೆ. ನಮ್ಮ ಮೂಲ ಊರು ಹಿರಿಯೂರು ಕಡೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಅನ್ನುತ್ತೇವೆ, 1907ರಲ್ಲಿ ಮುಗಿದ ಅಣೆಕಟ್ಟು. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅಜ್ಜ ಆಗ ಮೀಸೆ ಮೂಡುತ್ತಿದ್ದ ಹುಡುಗ. ಗಾಡಿ ಕಟ್ಟಿಕೊಂಡು ನೋಡೋಕೆ ಹೋಗಿದ್ದರು. ಆ ಕಥೆಯನ್ನು ಅಜ್ಜ ಎಷ್ಟು ಸಲ ಹೇಳಿದ್ದರೋ ಲೆಕ್ಕ ಇಲ್ಲ. ಬಲಗಡೆಯ ಎತ್ತು ನೀರಿನ ಸದ್ದಿಗೆ ಬೆದರಿ ನಿಂತುಬಿಟ್ಟಿತು. ಅವರಮ್ಮ ಬುತ್ತಿ ಬಿಚ್ಚಿ ಮೊದಲ ತುತ್ತನ್ನು ನೀರಿಗೆ ಹಾಕಿದರು. ಜೊತೆಗೆ ಬಂದಿದ್ದ ಯಾರೋ ಮುದುಕ "ಇನ್ನು ನಮಗೆ ಬರ ಇಲ್ಲ" ಅಂದನಂತೆ. ಇಲ್ಲಿಗೆ ಬಂದಾಗ ಅಜ್ಜ ಪ್ರತಿ ಸಲವೂ ನಿಲ್ಲಿಸುತ್ತಿದ್ದರು. ಆಮೇಲೆ ಬಂದ ಬರಗಳನ್ನು ಹೆಸರು ಹಿಡಿದು ಹೇಳುತ್ತಿದ್ದರು.

ಚಿಕ್ಕವಳಿದ್ದಾಗ ನನಗೆ ಎತ್ತು ಇಷ್ಟ. ಕಾಲೇಜಿಗೆ ಹೋಗುವಾಗ ಅವರಮ್ಮನ ತುತ್ತು. ಮದುವೆಯಾಗಿ ಮಕ್ಕಳಾದ ಮೇಲೆ ಆ ಮುದುಕನ ಮಾತು ನನ್ನನ್ನು ಕಾಡಿತು. ಕಥೆ ಅದೇ ಇತ್ತು. ಬೇರೆ ವಯಸ್ಸಿನಲ್ಲಿ ಕೇಳಿದಾಗ ಬೇರೆ ಕಡೆ ತಾಗಿತು. ನಿಮ್ಮ ಮಕ್ಕಳಿಗೆ ಈಗ ಬೇಸರ ಆಗಿರಬಹುದು. ಆದರೂ ಅದು ಕಿವಿಯ ಮೇಲೆ ಬೀಳುತ್ತಿರಲಿ.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, 89 ವರ್ಷ ಆದ ಮೇಲೆ. ಅಜ್ಜ ಇರಲಿಲ್ಲ. ನಾವು ಹೋದ ದಿನ ಜಾತ್ರೆಯಷ್ಟು ಜನ. ಎಲ್ಲರ ಕೈಯಲ್ಲೂ ಮೊಬೈಲು. ಆದರೆ ನೂಕಾಟದಲ್ಲಿ ನಿಂತಾಗ ನನ್ನ ಹಿಂದೆ, ಮುಂದೆ ಕೇಳಿದ್ದು ಒಂದೇ ಮಾತು: "ನಮ್ಮಜ್ಜ ಹೇಳ್ತಿದ್ದ", "ನಮ್ಮವ್ವ ಹೇಳ್ತಿದ್ದಳು". ತಾವು ಕಾಣದ 1933 ಅವರೆಲ್ಲರಿಗೂ ಗೊತ್ತಿತ್ತು. ಯಾರೋ ಒಬ್ಬ ಮುದುಕ ಅವರ ಮನೆಯಲ್ಲೂ ಹೇಳಿದ್ದನ್ನೇ ಹೇಳಿ ಬೇಸರ ಹಿಡಿಸಿದ್ದರಿಂದ ಗೊತ್ತಿತ್ತು.

ನಿಮ್ಮ ತಾಲ್ಲೂಕಿನವರೇ ಆದ ಸಿರಿಯಜ್ಜಿಯನ್ನು ನೆನೆಸಿಕೊಳ್ಳಿ. ಓದು ಬರಹ ಇಲ್ಲದೆ ಕಾಡುಗೊಲ್ಲರ ಅಷ್ಟೊಂದು ಹಾಡನ್ನು ನೆನಪಿನಲ್ಲೇ ಇಟ್ಟುಕೊಂಡವರು. ಹಾಡಿದ್ದನ್ನು ಮತ್ತೆ ಮತ್ತೆ ಹಾಡದೆ ಅದು ಸಾಧ್ಯವಿತ್ತೇ?

ಈಗ ಮಾಡಬೇಕಾದ್ದು ಹೇಳುತ್ತೇನೆ. "ಗೊತ್ತು" ಅನ್ನಬೇಡಿ. ಕಥೆಯ ಒಳಗೆ ಹೋಗಿ ಹೊಸದೊಂದು ಪ್ರಶ್ನೆ ಕೇಳಿ. ಚೀಲ ಎಷ್ಟು ಭಾರ ಇರುತ್ತಿತ್ತು? ಬೆನ್ನಿಗೆ ಏನು ಹಾಕಿಕೊಳ್ತಿದ್ರಿ? ಮಧ್ಯಾಹ್ನ ಎಲ್ಲಿ ಉಣ್ಣುತ್ತಿದ್ರಿ, ಜೊತೆಗೆ ಯಾರಿರುತ್ತಿದ್ದರು? ಮಂಡಿಯಲ್ಲಿ ಮೊದಲ ಲಾರಿ ಬಂದದ್ದು ನೆನಪಿದೆಯಾ? ಆ ನಾಲ್ಕೈದು ಕಥೆಯ ಹಿಂದೆ ಅವರು ಎಂದೂ ಹೇಳದ ಹತ್ತು ಇರುತ್ತವೆ. ಯಾರೂ ಕೇಳದ್ದರಿಂದ ಅವು ಹೊರಗೆ ಬಂದಿಲ್ಲ. ಬಂದಾಗ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಅವರಿಗೆ ಹೇಳಿಯೇ ಮಾಡಿ. ನನ್ನ ಅಜ್ಜನ ದನಿ ನನ್ನ ಹತ್ತಿರ ಇಲ್ಲ. ನಿಮಗೆ ಆ ಅವಕಾಶ ಇದೆ.

ಪ್ರಶ್ನೆ: ಎರಡನೇ ಕ್ಲಾಸಿನ ಮಗ. "ಸ್ಕೂಲಲ್ಲಿ ಏನಾಯ್ತು?" ಅಂದರೆ "ಏನಿಲ್ಲ" ಅಂತಾನೆ. ಎಷ್ಟು ಕೇಳಿದರೂ ಅಷ್ಟೇ.
(ತಾಯಿ, ಹೊಸದುರ್ಗ)

ಉತ್ತರ: ಅಷ್ಟು ದೊಡ್ಡ ಪ್ರಶ್ನೆಗೆ ದೊಡ್ಡವರಿಗೂ ಉತ್ತರ ಹೊಳೆಯುವುದಿಲ್ಲ. ಸಣ್ಣದಾಗಿ ಕೇಳಿ. "ಬಿಸಿಯೂಟಕ್ಕೆ ನಿನ್ನ ಪಕ್ಕ ಯಾರು ಕೂತಿದ್ರು?" ಉತ್ತರ ಬಂದರೆ ಅದಕ್ಕೇ ಇನ್ನೊಂದು ಎಳೆ ಸೇರಿಸಿ. "ಓ, ಅವನಾ? ಮೊನ್ನೆ ನಿನ್ನ ಪೆನ್ಸಿಲ್ ತಗೊಂಡಿದ್ನಲ್ಲ. ಆಮೇಲೆ?" ತಾಯಂದಿರು ಹೀಗೆ ಎಳೆ ಸೇರಿಸುತ್ತಾ ಕೇಳಿದರೆ ಮಕ್ಕಳು ತಮ್ಮ ಅನುಭವವನ್ನು ಹೆಚ್ಚು ವಿವರವಾಗಿ ಹೇಳಲು ಕಲಿಯುತ್ತಾರೆ. ರಾಬಿನ್ ಫೈವುಶ್, ಇಲೇನ್ ರೀಸ್ ಎಂಬ ಮನಶ್ಶಾಸ್ತ್ರಜ್ಞರು ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸರಿ ತಪ್ಪು ಪರೀಕ್ಷೆ ಮಾಡುವ ಹಾಗೆ ಮಾತ್ರ ಕೇಳಬೇಡಿ.

ಹೊತ್ತೂ ಮುಖ್ಯ. ಶಾಲೆಯಿಂದ ಬಂದ ಕೂಡಲೇ ಬೇಡ, ಹಸಿದಿರುತ್ತಾನೆ. ಆಫ್ರಿಕಾದ ಕಲಹರಿ ಮರುಭೂಮಿಯ ಬೇಟೆಗಾರ ಜನರ ಮಾತುಕತೆಯನ್ನು ಪಾಲಿ ವೀಸ್ನರ್ ಎಂಬ ಮಾನವಶಾಸ್ತ್ರಜ್ಞೆ ಬರೆದಿಟ್ಟುಕೊಂಡು 2014ರಲ್ಲಿ ಪ್ರಕಟಿಸಿದರು. ಹಗಲಿನ ಮಾತು ಹೆಚ್ಚಾಗಿ ಕೆಲಸ, ದೂರು, ಕೊಡುಕೊಳ್ಳುವಿಕೆ. ರಾತ್ರಿ ಬೆಂಕಿಯ ಸುತ್ತ ಕೂತಾಗ ಮಾತಿನಲ್ಲಿ ನೂರಕ್ಕೆ 81 ಪಾಲು ಕಥೆಯೇ. ನಮ್ಮ ಹಳ್ಳಿಗಳಲ್ಲೂ ಕಥೆ ಹೊರಡುತ್ತಿದ್ದದ್ದು ಊಟವಾಗಿ ಜಗುಲಿಗೆ ಬಂದ ಮೇಲೆ. ನಿಮ್ಮ ಮಗನಿಗೂ ಹಾಸಿಗೆಯಲ್ಲಿ ಹೊರಳಾಡುವಾಗ ನಾಲಿಗೆ ಸಡಿಲವಾಗಬಹುದು.

ಮತ್ತೆ, ನಿಮ್ಮ ದಿನದ್ದು ಒಂದು ಅವನಿಗೆ ಮೊದಲು ಹೇಳಿ. ಸಣ್ಣದೇ ಇರಲಿ. ಕುಕ್ಕರ್ ಸೀಟಿ ಹೊಡೆಯದೆ ಕೈಕೊಟ್ಟದ್ದು, ಎದುರು ಮನೆಯ ನಾಯಿ ನಿಮ್ಮ ಚಪ್ಪಲಿ ಹೊತ್ತುಕೊಂಡು ಹೋದದ್ದು. ಹೇಳುವಾಗ ಅವನು "ನಮ್ ಸ್ಕೂಲಲ್ಲೂ ಒಂದು ನಾಯಿ" ಅಂತ ಮಧ್ಯೆ ಬಾಯಿ ಹಾಕಿದರೆ ನಿಮ್ಮದನ್ನು ಅಲ್ಲೇ ಬಿಟ್ಟುಬಿಡಿ. ಅವನದಕ್ಕೆ ಹೂಂಗುಟ್ಟಿ. ನಾಯಿ ಕ್ಲಾಸಿನೊಳಗೆ ಬಂದಿತ್ತಾ ಅಂತ ಕೇಳಿ.